ಮೊರದ ಅಚ್ಚು

ಜಿಯಾನಿಯ ಮನೆಯಲ್ಲಿ ಮೊರ ಇರಲಿಲ್ಲ. ಹುವಾನ್ ನದಿಯ ದಂಡೆಯ ಆ ಊರಿನಲ್ಲಿ ಬಾಗಿಲಿಲ್ಲದ ಮನೆ ಬೇಕಾದರೆ ಸಿಕ್ಕೀತು, ಮೊರವಿಲ್ಲದ ಮನೆ ಸಿಗಲಾರದು. ನವಣೆ ಬೆಳೆಯುವ ಸೀಮೆ. ಬೆಳಗಾದರೆ ಕೇರುವುದು, ಹೊಟ್ಟು ಹಾರಿಸುವುದು ಇದ್ದದ್ದೇ. ಜಿಯಾನಿಯ ತಾಯಿ ಸುಯುನ್ ಮಾತ್ರ ಕಾಳನ್ನು ಹಳೆಯ ಬಟ್ಟೆಯ ಮೇಲೆ ಹರವಿ, ಮೊಣಕಾಲೂರಿ ಕುಳಿತು, ಬಾಯಲ್ಲಿ ಊದಿ ಊದಿ ಹೊಟ್ಟು ತೆಗೆಯುತ್ತಿದ್ದಳು. ಕಾಳು ಹೆಚ್ಚಿದ್ದರೆ ಪಕ್ಕದ ಮನೆಯ ನಿಯು ದೊಡ್ಡಮ್ಮನ ಅಂಗಳಕ್ಕೆ ಕಳಿಸಿ ಅಲ್ಲೇ ಕೇರಿಸಿ ತರಿಸುತ್ತಿದ್ದಳು. ಮೊರ ಹೊಸ್ತಿಲು ದಾಟಿ ಒಳಗೆ ಬರಕೂಡದು. ಏಕೆಂದು ಕೇಳಿದರೆ, ನಮ್ಮ ಮನೆಗೆ ಆಗಿಬರುವುದಿಲ್ಲ ಎಂಬ ಒಂದೇ ಉತ್ತರ. ನಲವತ್ತನಾಲ್ಕು ವರ್ಷದ ಜಿಯಾನಿ ಆ ಉತ್ತರದ ಜೊತೆಯಲ್ಲೇ ಬೆಳೆದಿದ್ದಳು, ಮದುವೆಯಾಗಿ ಗಂಡನನ್ನು ಅದೇ ಮನೆಗೆ ಕರೆತಂದಿದ್ದಳು, ಮಗನನ್ನು ಸೈನ್ಯಕ್ಕೂ ಕಳಿಸಿದ್ದಳು. ಗಂಡ ಪೇಟೆಯ ಹತ್ತಿಗಿರಣಿಯಲ್ಲಿದ್ದು ಶನಿವಾರಕ್ಕೊಮ್ಮೆ ಬರುತ್ತಿದ್ದ. ಉಳಿದ ದಿನ ಮನೆಯಲ್ಲಿ ತಾಯಿ ಮಗಳು ಇಬ್ಬರೇ.

ಜಿಯಾನಿ ಎಂದರೆ ಹೆಕ್ಕಿ ತಂದ ಹುಡುಗಿ. ಆ ಸೀಮೆಯಲ್ಲಿ ಇಂಥ ಹೆಸರುಗಳಿಗೆ ಬರವಿಲ್ಲ. ತಿಪ್ಪೆ, ನಾಯಿ ಬಿಟ್ಟದ್ದು, ಸಾಕು ಎಂದೆಲ್ಲ ಕರೆಸಿಕೊಂಡವರು ಹಲ್ಲುದುರುವ ತನಕ ಬದುಕಿ, ಮೊಮ್ಮಕ್ಕಳ ಕೈಲಿ ಬೈಸಿಕೊಂಡೇ ಸಾಯುತ್ತಾರೆ. ಹುಟ್ಟಿದ ಕೂಸು ಕೈಗೆ ಹತ್ತದ ಮನೆಗಳಲ್ಲಿ ಮಾಡುವ ಶಾಸ್ತ್ರವೊಂದಿದೆ. ಮೂರನೆಯ ದಿನ, ಬೆಳಕು ಹರಿಯುವ ಮುಂಚೆ, ತಾಯಿಯೇ ಕೂಸನ್ನು ಮೊರದಲ್ಲಿ ಮಲಗಿಸಿ ನಾಲ್ಕು ದಾರಿ ಕೂಡುವಲ್ಲಿ ಇಟ್ಟು ಬರಬೇಕು. ಹಿಂತಿರುಗಿ ನೋಡಬಾರದು. ಮಕ್ಕಳೊಂದಿಗಳಾದ ನೆರೆಯ ಹೆಂಗಸೊಬ್ಬಳು, ಮೊದಲೇ ಮಾತಾಡಿಕೊಂಡಂತೆ ಆ ದಾರಿಯಲ್ಲಿ ಬಂದು ಕೂಸನ್ನೆತ್ತಿಕೊಂಡು ಬಾಗಿಲಿಗೆ ಬಂದು, ದಾರಿಯಲ್ಲಿ ಒಂದು ಕೂಸು ಸಿಕ್ಕಿತು, ಬೇಕಾ ಎಂದು ಕೂಗಬೇಕು. ತಾಯಿ ನೋಡಿ, ಇದು ನನ್ನ ಮಗು ಅಲ್ಲ ಎನ್ನಬೇಕು. ಆಮೇಲೆ, ಪಾಪ ಇರಲಿ ಎಂದು ಒಳಗೆ ತೆಗೆದುಕೊಳ್ಳಬೇಕು. ಮಕ್ಕಳನ್ನು ಒಯ್ಯುವ ಆ ‘ಅದು’ ಇದನ್ನೆಲ್ಲ ನೋಡುತ್ತಿರುತ್ತದಂತೆ. ಬಿಸಾಡಿದ ಕೂಸು, ಯಾರಿಗೂ ಬೇಡವಾದ ಕೂಸು, ನನಗೇಕೆ ಎಂದು ಮುಂದಿನ ಮನೆಗೆ ಹೋಗುತ್ತದಂತೆ. ಸಾವಿಗೆ ಇಷ್ಟು ಕಡಿಮೆ ಬುದ್ಧಿ ಇದ್ದಿದ್ದರೆ ಊರಿನಲ್ಲಿ ಯಾರೂ ಸಾಯುತ್ತಿರಲಿಲ್ಲ. ಆದರೆ ಎರಡು ಕೂಸುಗಳನ್ನು ಮಣ್ಣಿಗಿಟ್ಟ ತಾಯಿಯ ಎದುರು ಈ ಮಾತನ್ನು ಯಾರು ಆಡಿಯಾರು?

ಸುಯುನ್ ಎರಡು ಕೂಸುಗಳನ್ನು ಮಣ್ಣಿಗಿಟ್ಟಿದ್ದಳು. ಮೂರನೆಯದಕ್ಕೆ ಶಾಸ್ತ್ರ ಮಾಡಿದರು. ಎತ್ತಿ ತಂದವಳು ಏಳು ಮಕ್ಕಳ ತಾಯಿ ನಿಯು ದೊಡ್ಡಮ್ಮ. ಅದೊಂದು ಉಪಕಾರವನ್ನು ಅವಳು ಬದುಕಿರುವ ತನಕ ದಿನಕ್ಕೊಮ್ಮೆ ನೆನಪಿಸಿದಳು. ಜಿಯಾನಿ ಪಾಠ ಒಪ್ಪಿಸದಿದ್ದರೆ, ಗಂಡನೊಡನೆ ಮುನಿಸಿಕೊಂಡರೆ, ಗಂಜಿ ಸೀಯಿಸಿದರೆ, ಬೇಲಿಯ ಆಚೆಯಿಂದ ಒಂದೇ ಮಾತು.

“ನಾನು ಎತ್ಕೊಂಡು ಬರದೆ ಇದ್ದಿದ್ರೆ ನಾಯಿ ಪಾಲಾಗ್ತಿದ್ದೆ ಕಣೇ. ಸ್ವಲ್ಪ ಭಯಭಕ್ತಿ ಇರಲಿ.”

ಜಿಯಾನಿ ನಗುತ್ತಿದ್ದಳು. ತಾಯಿ ಒಮ್ಮೆಯೂ ನಕ್ಕದ್ದು ನೆನಪಿಲ್ಲ.

ಆ ವರ್ಷ ನವಣೆ ಕೊಯ್ಲಾದ ಮೇಲೆ ನಿಯು ದೊಡ್ಡಮ್ಮ ತೀರಿಕೊಂಡಳು. ಎಂಬತ್ತೈದು ದಾಟಿದ ಸಾವು, ಅಳುವವರಿಗಿಂತ ಉಣ್ಣುವವರೇ ಹೆಚ್ಚು. ಕಹಳೆಯವರು ಬಂದರು, ಏಳು ಮಕ್ಕಳು ಬಿಳಿ ಬಟ್ಟೆ ಕಟ್ಟಿಕೊಂಡು ಕಾಗದದ ಹಣ ಸುಟ್ಟರು. ಎಲ್ಲರೂ ಸಮಾಧಾನವಾಗಿಯೇ ಇದ್ದರು, ಸುಯುನ್ ಒಬ್ಬಳನ್ನು ಬಿಟ್ಟು. ಮಣ್ಣು ಮಾಡಿ ಬಂದ ದಿನದಿಂದ ಅವಳು ಗೋಡೆಗೆ ಒರಗಿ ಕುಳಿತೇ ಬೆಳಗು ಮಾಡತೊಡಗಿದಳು. ಕೋಳಿ ಕೂಗುವ ಹೊತ್ತಿಗೆ ಬಾಗಿಲ ಹೊರಗೆ ಸರ್‍ರ್ ಸರ್‍ರ್ ಎಂದು ಏನೋ ಎಳೆದ ಸದ್ದು ಬರುತ್ತದೆ ಎಂದಳು. ಬೆಕ್ಕಿರಬೇಕು ಎಂದಳು ಜಿಯಾನಿ. ತಾಯಿ ಒಂದು ಬಟ್ಟಲು ಗಂಜಿ ತೆಗೆದುಕೊಂಡು ಹೋಗಿ ಹೊಸ್ತಿಲಾಚೆ ಇಟ್ಟು ಬಂದಳು. ಬೆಳಿಗ್ಗೆ ಗಂಜಿ ಹಾಗೇ ಇತ್ತು, ಮೇಲೆ ಕೆನೆಗಟ್ಟಿತ್ತು. ಬೆಕ್ಕು ಕೂಡ ಮೂಸಿರಲಿಲ್ಲ.

ಹಿಮ ಬೀಳುವ ತಿಂಗಳು ಬಂದರೂ ಇದು ನಿಲ್ಲಲಿಲ್ಲ. ತಾಯಿ ಕಡ್ಡಿಯಾದಳು. ವೈದ್ಯರು ಕೊಟ್ಟ ಕಷಾಯ ಕುಡಿದು, ಇದು ಕಷಾಯಕ್ಕೆ ಹೋಗುವುದಲ್ಲ ಎಂದಳು. ಒಂದು ದಿನ ಬೆಳಿಗ್ಗೆ ಬಾಗಿಲು ತೆರೆದ ಜಿಯಾನಿಗೆ ಮೆಟ್ಟಿಲ ಕೆಳಗೆ ಬೆಳ್ಳಗೆ ಹೆಪ್ಪುಗಟ್ಟಿದ ಇಬ್ಬನಿಯ ಮೇಲೆ ಒಂದು ಅಚ್ಚು ಕಾಣಿಸಿತು. ಒಂದು ಕಡೆ ನೇರ, ಉಳಿದ ಕಡೆ ಬಾಗಿದ ಗೆರೆ. ಯಾರೋ ಏನನ್ನೋ ಇಟ್ಟು ಎತ್ತಿಕೊಂಡ ಹಾಗಿತ್ತು. ತಾಯಿ ಬೋಗುಣಿ ಇಟ್ಟಿದ್ದಳೇನೋ ಎಂದುಕೊಂಡು ಅದನ್ನು ಕಾಲಿನಿಂದ ಒರೆಸಿ ಕೆಲಸಕ್ಕೆ ಹೋದಳು.

ಜಿಯಾನಿಯ ಕೆಲಸ ಅಚ್ಚು ತೆಗೆಯುವುದು. ಊರಾಚೆಯ ಹೊಲಗಳಲ್ಲಿ ನೆಲ ಅಗೆಯುವವರ ಕಚೇರಿಯಿತ್ತು. ಮೂರು ಸಾವಿರ ವರ್ಷದ ಹಿಂದೆ ಅಲ್ಲಿ ದೊರೆಗಳಿದ್ದರು. ಅವರ ಶಕುನದವರು ಎತ್ತಿನ ಹೆಗಲಮೂಳೆಯ ಮೇಲೆ, ಆಮೆಚಿಪ್ಪಿನ ಮೇಲೆ ಪ್ರಶ್ನೆ ಕೊರೆದು, ಕೆಂಡ ಒತ್ತಿ, ಬಿದ್ದ ಬಿರುಕು ನೋಡಿ ಮಳೆ, ಯುದ್ಧ, ಹೆರಿಗೆ ಎಲ್ಲದರ ಫಲ ಹೇಳುತ್ತಿದ್ದರು. ಆ ಮೂಳೆಗಳು ನೆಲದೊಳಗೆ ರಾಶಿರಾಶಿಯಾಗಿ ಬಿದ್ದಿದ್ದವು. ಊರಿನ ಮುತ್ತಜ್ಜಂದಿರು ನೇಗಿಲಿಗೆ ಸಿಕ್ಕಿದ್ದನ್ನೆಲ್ಲ ಔಷಧದ ಅಂಗಡಿಗೆ ಮಾರಿಕೊಂಡರು. ಅರ್ಧ ಸೀಮೆ ಅದನ್ನು ಅರೆದು ಕುಡಿಯಿತು. ದೊರೆಗಳ ಎಷ್ಟೋ ಪ್ರಶ್ನೆಗಳು ಹೀಗೆ ಜನರ ಹೊಟ್ಟೆ ಸೇರಿ ಜೀರ್ಣವಾದವು. ಉಳಿದ ಚೂರುಗಳನ್ನು ಈಗ ಹತ್ತಿಯಲ್ಲಿಟ್ಟು ಕಾಯುತ್ತಾರೆ.

ಮೂಳೆಯ ಮೇಲೆ ಅಂಟುಬೇರಿನ ನೀರು ಸವರಿ, ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಕಾಗದ ಹೊದಿಸಿ, ಮೆತ್ತನೆಯ ಕುಂಚದಿಂದ ತಟ್ಟಿ ತಟ್ಟಿ ಕಾಗದವನ್ನು ಗೀರುಗಳೊಳಗೆ ಕೂರಿಸಬೇಕು. ಅರೆ ಒಣಗಿದಾಗ ರೇಷ್ಮೆಯ ಉಂಡೆಗೆ ಮಸಿ ಹಚ್ಚಿ, ಮುಟ್ಟಿಯೂ ಮುಟ್ಟದ ಹಾಗೆ ಮೇಲೆ ಆಡಿಸಬೇಕು. ಕಾಗದ ಕಪ್ಪಾಗುತ್ತ ಹೋಗುತ್ತದೆ, ಕೊರೆದ ಅಕ್ಷರ ಬೆಳ್ಳಗೆ ಉಳಿಯುತ್ತದೆ. ಇಪ್ಪತ್ತು ವರ್ಷದಿಂದ ಈ ಕೆಲಸ ಮಾಡುತ್ತಿದ್ದ ಜಿಯಾನಿಯ ಕೈ ಕಚೇರಿಯಲ್ಲೆಲ್ಲ ಹೆಸರುವಾಸಿ. ಅಕ್ಷರ ಓದುವುದು ಅವಳ ಕೆಲಸವಲ್ಲ. ಅದಕ್ಕೆ ಚು ಮೇಷ್ಟ್ರು ಇದ್ದರು; ಎಪ್ಪತ್ತರ ಮುದುಕ, ನಿವೃತ್ತರಾಗಿ ಹತ್ತು ವರ್ಷವಾದರೂ ಮನೆಗೆ ಹೋಗದೆ ಅಲ್ಲೇ ಚಹಾ ಕುಡಿಯುತ್ತ ಮೂಳೆಗಳ ಜೊತೆ ಸಂಸಾರ ಮಾಡುತ್ತಿದ್ದವರು.

ಅಂದು ಅವಳ ಮುಂದೆ ಬಂದದ್ದು ಅಂಗೈ ಅಗಲದ ಒಂದು ಚೂರು. ಮಸಿಯ ಉಂಡೆ ಮೂರನೆಯ ಸಲ ಆಡಿಸುವಾಗ ಅಕ್ಷರವೊಂದು ಬೆಳ್ಳಗೆ ಎದ್ದಿತು. ಕೆಳಗೆ ಎರಡು ಕೈ. ಕೈಗಳ ಮೇಲೆ ಒಂದು ಮೊರ. ಹೆಣೆದ ಗೆರೆಗಳೂ ಕಾಣುತ್ತಿದ್ದವು. ಮೊರದ ಮೇಲೆ ಒಂದು ಕೂಸು. ಕೂಸಿನ ಸುತ್ತ ಮೂರು ನಾಲ್ಕು ಹನಿ. ಜಿಯಾನಿಯ ಕೈ ನಿಂತುಹೋಯಿತು. ಉಂಡೆ ಒಂದೇ ಕಡೆ ಒತ್ತಿ, ಕೂಸಿನ ಪಕ್ಕದಲ್ಲಿ ಮಸಿ ಹರಡಿಕೊಂಡಿತು. ಇಪ್ಪತ್ತು ವರ್ಷದಲ್ಲಿ ಅವಳು ಕಾಗದ ಕೆಡಿಸಿದ್ದು ಅದೇ ಮೊದಲು.

ಚು ಮೇಷ್ಟ್ರು ಕನ್ನಡಕ ಹಣೆಗೇರಿಸಿ ನೋಡಿದರು. ನೋಡಿದವರ ಮುಖ ಅರಳಿತು. ಇಂಥದ್ದು ಸಿಗುವುದು ಅಪರೂಪ, ‘ಬಿಸಾಡು’ ಎಂಬ ಅಕ್ಷರ ಇದು ಎಂದರು. ಹನಿಗಳು ಹೆರಿಗೆಯ ನೀರು. ಹುಟ್ಟಿದ ಕೂಸನ್ನು ತೊಳೆಯುವ ಮೊದಲೇ ಮೊರಕ್ಕೆ ಹಾಕಿ ಹೊರಗೆ ಒಯ್ಯುತ್ತಿದ್ದಾರೆ. ಆಮೇಲಿನ ಕಂಚಿನ ಪಾತ್ರೆಗಳ ಕಾಲಕ್ಕೆ ಕೂಸು ತಲೆಕೆಳಗಾಯಿತು. ಕುಂಚ ಹಿಡಿದ ಗುಮಾಸ್ತರ ಕಾಲಕ್ಕೆ ಮೊರ ನಾಲ್ಕು ಕಡ್ಡಿಯಾಯಿತು, ಯಾರಿಗೂ ಗುರುತು ಸಿಗದ ಹಾಗೆ. ಅರ್ಥವೂ ಕೂಸನ್ನು ಇಳಿಸಿ ಮುಂದೆ ನಡೆಯಿತು. ಸೋತ ಸೈನಿಕ ಗುರಾಣಿ ಬಿಸಾಡಿದ್ದಕ್ಕೆ ಈ ಅಕ್ಷರ, ಸಂತೆಯಲ್ಲಿ ತಲೆ ಕಡಿದು ಹೆಣ ಬಿಟ್ಟದ್ದಕ್ಕೆ ಈ ಅಕ್ಷರ, ಅಧಿಕಾರಿ ಹುದ್ದೆ ಬಿಟ್ಟು ಓಡಿದ್ದಕ್ಕೂ ಇದೇ.

“ನಾವು ಅಕ್ಷರ ಸುಲಭ ಮಾಡ್ತೀವಿ ಅಂತ ಹೊರಟ್ವಲ್ಲ, ಆಗ ಮೊರಾನೂ ಕಿತ್ತು ಹಾಕಿದ್ವಿ. ಈಗ ಉಳಿದಿರೋದು ತಲೆಕೆಳಗಾದ ಕೂಸು, ಎರಡು ಕೈ. ನೀನೂ ಶಾಲೇಲಿ ಬರೆದಿದ್ದೀಯ, ನೂರು ಸಲ. ಕೂಸು ಕಂಡಿತ್ತಾ?”

ಕಂಡಿರಲಿಲ್ಲ. ಜಿಯಾನಿ ಮೂಳೆಯಲ್ಲಿ ಮುಂದೇನು ಬರೆದಿದೆ ಎಂದು ಕೇಳಿದಳು. ಮುಂದಿನ ಚೂರು ಒಡೆದುಹೋಗಿದೆ, ಬಹುಶಃ ಯಾರದೋ ಅಜ್ಜಿಯ ಹೊಟ್ಟೆನೋವಿಗೆ ಅರೆದು ಕೊಟ್ಟಿರುತ್ತಾರೆ ಎಂದು ಮೇಷ್ಟ್ರು ನಕ್ಕರು. ಇದು ನನ್ನದೇ ಕಥೆಯಲ್ಲವೇ ಎಂದು ಜಿಯಾನಿಗೂ ನಗು ಬಂತು. ತಾಯಿಗೆ ತೋರಿಸಿದರೆ ನಿಮ್ಮ ಶಾಸ್ತ್ರ ಮೂರು ಸಾವಿರ ವರ್ಷದ್ದು ಎಂದು ಅವಳಿಗೂ ಸ್ವಲ್ಪ ಗೆಲುವಾದೀತು ಎಂದುಕೊಂಡು, ಕೆಟ್ಟ ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡಳು. ಒಳ್ಳೆಯ ಮನಸ್ಸಿನಿಂದ ಮಾಡುವ ತಪ್ಪಿಗೆ ಮುಂಗಾಣಿಕೆ ಎಲ್ಲಿರುತ್ತದೆ!

ಸುಯುನ್‌ಗೆ ಓದು ಬರುವುದಿಲ್ಲ. ಸರ್ಕಾರದವರು ಹೆಂಗಸರಿಗೆ ಅಕ್ಷರ ಕಲಿಸಲು ಬಂದಾಗ ತನ್ನ ಹೆಸರು ಬರೆಯುವಷ್ಟು ಕಲಿತು, ಅದನ್ನೂ ಮರೆತವಳು. ಜಿಯಾನಿ ಒಲೆಯ ಶಾಖ ಹಾಯುವ ಇಟ್ಟಿಗೆಯ ಜಗಲಿಯ ಮೇಲೆ, ತಾಯಿಯ ಮುಂದೆ ಕಾಗದ ಬಿಡಿಸಿಟ್ಟಳು. ಇದೇನು ಹೇಳು ನೋಡೋಣ ಎಂದು ಮಗುವಿಗೆ ಕೇಳುವ ಹಾಗೆ ಕೇಳಿದಳು.

ತಾಯಿ ನೋಡಿದಳು. ಅವಳ ಬೆರಳು ಕಾಗದದ ಮೇಲೆ ಕೆಳಗಿನಿಂದ ಮೇಲಕ್ಕೆ ಹೋಗಿ, ಮಸಿ ಹರಡಿದ ಜಾಗದಲ್ಲಿ ನಿಂತಿತು.

“ಯಾರು ಹೇಳಿದ್ರು ನಿಂಗೆ? ನಿಯು ಅಕ್ಕ ಹೇಳಿದ್ಲಾ?”

“ದೊಡ್ಡಮ್ಮ ಹೋಗಿ ಎರಡು ತಿಂಗಳಾಯ್ತಲ್ಲಮ್ಮ. ಇದು ಅಕ್ಷರ. ಮೂಳೆ ಮೇಲಿಂದು.”

“ಇದು ಮೊರ. ಇವು ನನ್ನ ಕೈ.” ತಾಯಿ ಕಾಗದವನ್ನು ಮಗಳ ಕಡೆ ಸರಿಸಿದಳು. “ಅಲ್ಲಿ ಎರಡು ಮೊರ ಇದ್ವು ಕಣೆ.”

ಜಿಯಾನಿಗೆ ಮೊದಲು ಏನೂ ಅರ್ಥವಾಗಲಿಲ್ಲ. ತಾಯಿ ಗೋಡೆಯ ಕಡೆ ಮುಖ ಮಾಡಿಕೊಂಡು ಹೇಳುತ್ತ ಹೋದಳು. ಅದು ದೊಡ್ಡ ಹಸಿವಿನ ವರ್ಷ. ಮರದ ತೊಗಟೆ ಮುಗಿದು ಜನ ಹೊಟ್ಟು ನೆನೆಸಿ ತಿನ್ನುತ್ತಿದ್ದ ಚಳಿಗಾಲ. ಸಾಕಲಾರದವರು ಕೂಸುಗಳನ್ನು ದಾರಿ ಕೂಡುವಲ್ಲಿ ಇಟ್ಟುಹೋಗುತ್ತಿದ್ದರು, ಹೊಟ್ಟೆಗೆ ಇರುವವರು ಯಾರಾದರೂ ಹಾದುಹೋದಾರು ಎಂಬ ಆಸೆಯಿಂದ. ಊರೆಲ್ಲ ನಿಜವಾಗಿ ಬಿಸಾಡುವಾಗ ನಾವು ಆಟಕ್ಕೆ ಬಿಸಾಡಲು ಹೋದೆವು ಎಂದಳು ತಾಯಿ. ಮೂಢನಂಬಿಕೆ ಎಂದು ಸರ್ಕಾರದವರು ಹಿಡಿದು ಸಭೆಯಲ್ಲಿ ನಿಲ್ಲಿಸಿಯಾರು ಎಂಬ ಹೆದರಿಕೆ ಬೇರೆ. ಎಲ್ಲ ಅವಸರ, ಎಲ್ಲ ಗುಟ್ಟು. ಮಂಜು ಎಷ್ಟಿತ್ತೆಂದರೆ ನಿಂತು ದಿಟ್ಟಿಸದೆ ಏನೂ ಕಾಣದು. ಮೊರ ಇಟ್ಟಳು, ಹಿಂತಿರುಗಿ ನೋಡದೆ ಬಂದಳು. ನೋಡಿದ್ದರೆ ನಾಲ್ಕು ಹೆಜ್ಜೆ ಆಚೆ ಇನ್ನೊಂದು ಮೊರ ಕಾಣುತ್ತಿತ್ತು.

ನಿಯು ದೊಡ್ಡಮ್ಮ ಕಾಲಿಗೆ ಮೊದಲು ತಗುಲಿದ್ದನ್ನು ಮೊರ ಸಮೇತ ಎತ್ತಿಕೊಂಡು ಬಂದಳು. ದಾರಿಯಲ್ಲಿ ಒಂದು ಕೂಸು ಸಿಕ್ಕಿತು, ಬೇಕಾ ಎಂದು ಕೂಗಿದಳು. ಸುಯುನ್ ಬಟ್ಟೆ ಸರಿಸಿ ನೋಡಿದಳು. ತಾನು ಸುತ್ತಿದ್ದು ನೀಲಿ ಹೂವಿನ ಬಟ್ಟೆ. ಇದು ಹತ್ತಿ ತುಂಬಿದ ಹಳೆಯ ಕೋಟಿನ ಬೂದು ತೋಳು. ಮುಖ ಬೇರೆ, ಕೂದಲು ಬೇರೆ.

“ಇದು ನನ್ನ ಮಗು ಅಲ್ಲ ಅಂದೆ. ಕಿರುಚಿ ಅಂದೆ. ನಮ್ಮತ್ತೆ ನಕ್ಕು ಬೆನ್ನು ತಟ್ಟಿದ್ರು. ಸರಿಯಾಗಿ ಹೇಳಿದೆ, ಹೀಗೇ ಹೇಳ್ಬೇಕು, ಇನ್ನೊಂದ್ಸಲ ಹೇಳು ಅಂದ್ರು. ನಾನು ಇನ್ನೊಂದ್ಸಲ ಹೇಳ್ದೆ. ನಿಯು ಅಕ್ಕನೂ ನಕ್ಕಳು.”

ತಾಯಿ ನಿಲ್ಲಿಸಲಿಲ್ಲ. ಹೊರಗೆ ಓಡಲು ಹೋದರೆ ಅತ್ತೆ ಬಾಗಿಲಿಗೆ ಅಡ್ಡ ನಿಂತರು. ಈಗ ಹೋದರೆ ‘ಅದ’ಕ್ಕೆ ಗೊತ್ತಾಗಿಬಿಡುತ್ತದೆ ಎಂದರು. ಕೈಯಲ್ಲಿದ್ದ ಕೂಸು ಅಳತೊಡಗಿತು. ಹಾಲು ಕಟ್ಟಿ ತನ್ನ ಎದೆ ಕಲ್ಲಾಗಿತ್ತು. ಕೂಸು ತಾನಾಗಿ ಬಾಯಿ ಹಾಕಿತು. ಅದು ಕುಡಿದು ಮಲಗಿದ ಮೇಲೆ ನೀರು ತರುವ ನೆವ ಹೂಡಿ ಸುಯುನ್ ಬಿಂದಿಗೆ ಹಿಡಿದು ಓಡಿದಳು. ದಾರಿಯಲ್ಲಿ ಏನೂ ಇರಲಿಲ್ಲ. ನಾಯಿಯ ಹೆಜ್ಜೆ ಇರಲಿಲ್ಲ, ರಕ್ತ ಇರಲಿಲ್ಲ. ಇಬ್ಬನಿಯ ಮೇಲೆ, ನಾಲ್ಕು ಹೆಜ್ಜೆ ಅಂತರದಲ್ಲಿ, ಎರಡು ಮೊರಗಳ ಅಚ್ಚು ಮಾತ್ರ ಇತ್ತು.

ಏಕೆ ಹುಡುಕಲಿಲ್ಲ ಎಂದು ಜಿಯಾನಿ ಕೇಳಿದಳು. ಆ ದನಿ ಅವಳಿಗೇ ಬೇರೆ ಯಾರದೋ ದನಿಯಂತೆ ಕೇಳಿಸಿತು.

“ಹುಡುಕಿದ್ರೆ ನೀನು ಹೋಗ್ತಿದ್ದೆ,” ಎಂದಳು ತಾಯಿ. “ಮನೆಯವರಿಗೇ ಕೂಳಿಲ್ಲ. ಯಾರದೋ ಕೂಸು ಅಂತ ಗೊತ್ತಾದ್ರೆ ಅತ್ತೆ ಅವತ್ತೇ ವಾಪಸ್ ಇಟ್ಟು ಬರ್ತಿದ್ರು. ಅವಳು ಸಿಗ್ತಿದ್ಲೋ ಇಲ್ವೋ. ನೀನು ನನ್ನ ಮಡಿಲಲ್ಲಿದ್ದೆ. ನಾಳೆ ಹುಡುಕೋಣ, ನಾಳೆ ಹುಡುಕೋಣ ಅಂತ.” ಮಾತನ್ನು ಅರ್ಧಕ್ಕೇ ಬಿಟ್ಟು, ನಿಯು ಅಕ್ಕ ಸತ್ತವರಿರುವಲ್ಲಿಗೆ ಹೋದ ಮೇಲೆ ಆ ಕೂಸನ್ನು ಕಂಡಿರುತ್ತಾಳೆ, ಯಾರ ಮಗಳು ನೀನು ಎಂದು ಕೇಳಿರುತ್ತಾಳೆ, ಅದಕ್ಕೇ ಈಗ ದಾರಿ ಗೊತ್ತಾಗಿ ಮನೆಗೆ ಬರುತ್ತಿದೆ ಎಂದಳು. ಸತ್ತರೆ ಅದರ ಮುಖ ನೋಡಬೇಕು, ಅದಕ್ಕೆ ಸಾಯಲೂ ಭಯ ಎಂದಳು.

ಪಕ್ಕದ ಕೋಣೆಯಲ್ಲಿ ತಾಯಿಯ ಶವಪೆಟ್ಟಿಗೆ ಇತ್ತು. ಅರವತ್ತು ದಾಟಿದವರಿಗೆ ಮಾಡಿಸಿಡುವುದು ವಾಡಿಕೆ, ಅದರಲ್ಲಿ ಭಯಪಡುವಂಥದ್ದೇನಿಲ್ಲ. ಎಷ್ಟೋ ಮನೆಗಳಲ್ಲಿ ಅದರಲ್ಲಿ ಗೆಣಸು ತುಂಬಿಡುತ್ತಾರೆ. ತಾಯಿ ಹೇಳಿದಂತೆ ಜಿಯಾನಿ ಮುಚ್ಚಳ ಸರಿಸಿದಳು. ಒಳಗೆ ಒಂದು ಮೊರ, ಅಂಚಿಗೆ ಬಿಗಿದ ಬೇರಿನ ದಾರ ಅಲ್ಲಲ್ಲಿ ಹರಿದದ್ದು. ಮೊರದಲ್ಲಿ ಬೂದು ಬಣ್ಣದ ತೋಳು. ತೋಳಿನ ತುದಿಯಲ್ಲೊಂದು ಗಂಟು, ಗಂಟಿನೊಳಗೆ ಒಂದು ಹಿಡಿ ನವಣೆ, ಕಪ್ಪಾಗಿ ಪುಡಿಯಾದದ್ದು. ಹಸಿವಿನ ವರ್ಷದಲ್ಲಿ ಯಾರೋ ಬಿಸಾಡುವ ಕೂಸಿನ ಜೊತೆ ಒಂದು ಹಿಡಿ ನವಣೆ ಕಟ್ಟಿದ್ದರು. ಅದೇ ವರ್ಷದಲ್ಲಿ ಇನ್ಯಾರೋ ಅದನ್ನು ಬೇಯಿಸದೆ ಉಳಿಸಿದ್ದರು. ಮನೆಯಲ್ಲಿ ಮೊರವಿಲ್ಲ ಎಂದು ತಾನು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದು ನೆನಪಾಗಿ ಜಿಯಾನಿಗೆ ಅಳು ಬರುವ ಬದಲು ಸಿಟ್ಟು ಬಂತು. ಮುಚ್ಚಳ ಎಳೆದು ಹೊರಗೆ ಬಂದಳು.

ಐದು ದಿನ ಅವಳು ತಾಯಿಯನ್ನು ಅಮ್ಮ ಎಂದು ಕರೆಯಲಿಲ್ಲ. ಗಂಜಿ ಕೊಟ್ಟಳು, ಕಷಾಯ ಕೊಟ್ಟಳು, ಕಾಲೊತ್ತಿದಳು; ಆ ಒಂದು ಮಾತು ಗಂಟಲಲ್ಲಿ ಬಿಸಿತುಪ್ಪವಾಗಿತ್ತು. ಹಾಲು ಆ ಕಳೆದುಹೋದವಳದು, ಹೆಸರು ಅವಳದು, ಹೊಸವರ್ಷಕ್ಕೆ ಹೊಲಿಸಿದ ಕೆಂಪು ಅಂಗಿಗಳೂ ಅವಳವೇ. ನಿಜವಾಗಿ ಬಿಸಾಡಿದ ಕೂಸಾದ ತಾನು ಬದುಕಿದಳು, ಆಟಕ್ಕೆ ಬಿಸಾಡಿದವಳು ಹೋದಳು. ಆ ಐದು ದಿನಗಳಲ್ಲಿ ತಾಯಿಯೂ ಏನೂ ಕೇಳಲಿಲ್ಲ. ಅಮ್ಮ ಎನ್ನು ಎಂದು ಹೇಳುವ ಹಕ್ಕು ತನಗಿಲ್ಲ ಎಂದು ಅವಳೂ ತೀರ್ಮಾನಿಸಿಕೊಂಡಂತಿತ್ತು. ಐದನೆಯ ದಿನ ಕೋಳಿ ಕೂಗುವ ಹೊತ್ತಿಗೆ ಜಿಯಾನಿಗೆ ಎಚ್ಚರವಾಯಿತು. ಬಾಗಿಲ ಹೊರಗೆ ಸರ್‍ರ್ ಸರ್‍ರ್ ಎಂದು ಸದ್ದು. ಬಿದಿರು ನೆಲಕ್ಕೆ ಉಜ್ಜುವ ಸದ್ದು ಯಾವ ಬೆಕ್ಕಿನದೂ ಅಲ್ಲ. ಬಂದು ನಿಂತಿತು. ಆಮೇಲೆ ಏನೂ ಇಲ್ಲ. ಗೋಡೆಗೊರಗಿ ಕುಳಿತಿದ್ದ ತಾಯಿ ಇವಳ ಕಡೆ ನೋಡುತ್ತಿದ್ದಳು. ಇವಳಿಗೂ ಕೇಳಿಸಿತು ಎಂದು ಅವಳಿಗೆ ಗೊತ್ತಾಗಿತ್ತು. ಬೆಳಕಾದ ಮೇಲೆ ಬಾಗಿಲು ತೆರೆದರೆ ಇಬ್ಬನಿಯ ಮೇಲೆ ಅದೇ ಅಚ್ಚು. ಒಂದು ಕಡೆ ನೇರ, ಉಳಿದ ಕಡೆ ಬಾಗು. ಜಿಯಾನಿ ಈ ಸಲ ಅದನ್ನು ಒರೆಸಲಿಲ್ಲ. ಆ ಕೂಸು ತನ್ನದನ್ನು ಕೇಳಲು ಬಂದಿದೆ ಎಂದು ಹೆದರಿದಳು.

ಅಂದು ಕಚೇರಿಯಲ್ಲಿ ಚು ಮೇಷ್ಟ್ರು ಒಬ್ಬರೇ ಇದ್ದಾಗ ಒಂದೇ ಪ್ರಶ್ನೆ ಕೇಳಿದಳು. ಆ ಅಕ್ಷರದ ಕೈಗಳು ಕೂಸನ್ನು ಆಚೆ ಇಡುತ್ತಿವೆಯೋ, ಎತ್ತಿಕೊಳ್ಳುತ್ತಿವೆಯೋ? ಮೇಷ್ಟ್ರು ಚಹಾದ ಲೋಟ ಕೆಳಗಿಟ್ಟರು. ಅವಳ ಮುಖ ನೋಡಿ, ತಮಾಷೆಯ ಮಾತು ಬಾಯಿಗೆ ಬಂದದ್ದನ್ನು ನುಂಗಿಕೊಂಡರು. ಹಳೆಯ ಕಾಲದ ಧಾನ್ಯದ ದೊರೆಯೊಬ್ಬನನ್ನು ಹುಟ್ಟಿದಾಗ ಮೂರು ಸಲ ಬಿಸಾಡಿದರಂತೆ, ಮೂರು ಸಲವೂ ಅವನ ತಾಯಿ ಹೋಗಿ ಎತ್ತಿಕೊಂಡು ಬಂದಳಂತೆ, ಅವನಿಗೆ ಇದೇ ಅಕ್ಷರವನ್ನು ಹೆಸರಿಟ್ಟರಂತೆ ಎಂದರು.

“ಕೊರೆದವನು ಕೈ ಕೊರೆದ, ಅಷ್ಟೆ. ಇಡೋ ಕೈಯೂ ಹಾಗೇ ಇರುತ್ತೆ, ಎತ್ತೋ ಕೈಯೂ ಹಾಗೇ ಇರುತ್ತೆ. ಬಿಸಾಡೋದು ಅಂತ ಅರ್ಥ ಮಾಡಿದ್ದು ಆಮೇಲೆ ಬಂದೋರು. ವಾಪಸ್ ಹೋಗಿ ಎತ್ಕೊಂಡ್ರಾ ಇಲ್ವಾ ಅನ್ನೋದು ಒಡೆದುಹೋದ ಚೂರಲ್ಲಿ ಇತ್ತೇನೋ, ಯಾರಿಗ್ಗೊತ್ತು.”

ವಾಪಸ್ ಹೋಗಿ ಎಂಬ ಮಾತು ಜಿಯಾನಿಯ ಕಿವಿಯಲ್ಲಿ ಉಳಿಯಿತು. ಅರ್ಧ ದಿನ ರಜೆ ಕೇಳಿ ಮನೆಗೆ ನಡೆದಳು. ಪಕ್ಕದ ಮನೆಯಿಂದ ಮೂರು ಚಕ್ರದ ಸೈಕಲ್ ಗಾಡಿ ಎರವಲು ತಂದು, ಮೇಲೆ ಹಾಸಿಗೆ ಹಾಸಿದಳು. ಶವಪೆಟ್ಟಿಗೆಯಿಂದ ಮೊರ ತೆಗೆದಳು. ಕೂಸುಗಳು ಬೆದರಿ ಜ್ವರ ಬಂದಾಗ ಆ ಸೀಮೆಯಲ್ಲಿ ಸಂಜೆ ಹೊತ್ತು ಜೀವ ಕರೆಯುತ್ತಾರೆ. ಕೂಸು ಬೆದರಿದ ಜಾಗಕ್ಕೆ ಹೋಗಿ ತಾಯಿ ಅದರ ಹೆಸರು ಹಿಡಿದು ಮನೆಗೆ ಬಾ ಎಂದು ಮೂರು ಸಲ ಕರೆಯಬೇಕು. ಕೂಸಿನ ಬಟ್ಟೆ ಹಿಡಿದು ಹಿಂದೆ ಬರುವವರು ಅದರ ಪರವಾಗಿ ಬಂದೆ ಎನ್ನಬೇಕು. ಹೋದ ಜೀವ ಆ ಬಟ್ಟೆ ಹತ್ತಿಕೊಂಡು ಮನೆಗೆ ಬರುತ್ತದೆ. ಊರಿನಲ್ಲಿ ಎಲ್ಲ ತಾಯಂದಿರೂ ಮಾಡಿದ್ದಾರೆ, ಜಿಯಾನಿಯೂ ತನ್ನ ಮಗನಿಗೆ ಮಾಡಿದ್ದಳು. ನಲವತ್ತನಾಲ್ಕು ವರ್ಷ ತಡವಾಗಿ ಯಾರೂ ಮಾಡಿರಲಿಕ್ಕಿಲ್ಲ.

ತಾಯಿ ಎಲ್ಲಿಗೆ ಎಂದು ಕೇಳಲಿಲ್ಲ. ಮೊರ ನೋಡಿದ ಕೂಡಲೇ ಗಾಡಿ ಹತ್ತಿದಳು.

ನಾಲ್ಕು ದಾರಿ ಕೂಡುವ ಜಾಗ ಈಗ ಡಾಂಬರು ಕಂಡಿದೆ. ಒಂದು ಮೂಲೆಯಲ್ಲಿ ಟೈರು ರಿಪೇರಿಯ ಅಂಗಡಿ, ಇನ್ನೊಂದು ಮೂಲೆಯಲ್ಲಿ ಕುರಿ ಸಾರಿನ ಅಂಗಡಿ. ಚಳಿಗೆ ಎರಡೂ ಬೇಗ ಮುಚ್ಚಿದ್ದವು. ನದಿಯ ಕಡೆಯಿಂದ ಮಂಜು ಇಳಿಯುತ್ತಿತ್ತು. ಟೈರಿನಂಗಡಿಯ ಪಕ್ಕದ ಒಂದು ಬೋಳು ಮರದ ಬುಡವನ್ನು ತಾಯಿ ತೋರಿಸಿದಳು. ಜಿಯಾನಿ ಅಲ್ಲಿ ಮೊರ ಇಟ್ಟು, ಬೂದು ತೋಳನ್ನು ಬಿಡಿಸಿ ಹರವಿದಳು. ಕಳೆದುಹೋದವಳನ್ನು ಸುತ್ತಿದ್ದ ನೀಲಿ ಬಟ್ಟೆ ಅವಳ ಜೊತೆಗೇ ಹೋಗಿತ್ತು, ಇದ್ದದ್ದು ಇದೊಂದೇ. ತಾಯಿ ಗಾಡಿಯಿಂದ ಇಳಿದು ಮರ ಹಿಡಿದುಕೊಂಡು ನಿಂತಳು.

“ಏನಂತ ಕರೀಲಿ? ಅವಳಿಗೆ ಹೆಸರೇ ಇಟ್ಟಿರಲಿಲ್ಲ. ಎತ್ಕೊಂಡು ಬಂದ ಮೇಲೆ ಇಡ್ಬೇಕು ಅಂತ ಇದ್ದದ್ದು ಒಂದೇ ಹೆಸರು. ಅದನ್ನ ನಿಂಗೆ ಕೊಟ್ಟೆ.”

ಜಿಯಾನಿ ಮಂಜನ್ನು ನೋಡುತ್ತ ನಿಂತಳು. ಆ ಮೂರು ದಿನದ ಕೂಸು, ಹೆಸರೂ ಇಲ್ಲದೆ, ಇಷ್ಟು ವರ್ಷ ಅಲೆದು, ಈಗ ಬಾಗಿಲ ತನಕ ಬಂದು ಕರೆಯುವವರಿಲ್ಲದೆ ಹಿಂದೆ ಹೋಗುತ್ತಿತ್ತು. ತನಗೆ ಅದರ ಮೇಲೆ ಇದ್ದ ಭಯವೆಲ್ಲ ಇಳಿದು ಬರೀ ಸಂಕಟ ಉಳಿಯಿತು.

“ಆ ಹೆಸರೇ ಕರಿ,” ಎಂದಳು.

ಕರೆದು ಮುಂದೆ ನಡೆಯುವಾಗ ತಾಯಿ ಹಿಂತಿರುಗಿ ನೋಡಬಾರದು ಎಂಬುದು ಇದಕ್ಕೂ ನಿಯಮ. ಸುಯುನ್ ಎರಡು ಹೆಜ್ಜೆ ನಡೆದು ನಿಂತಳು. ಆವತ್ತೂ ಹೀಗೇ ಹೇಳಿದ್ದರು, ಹೇಳಿದಂತೆ ಕೇಳಿ ಕೆಟ್ಟೆ, ಇವತ್ತು ನೋಡುತ್ತೇನೆ ಎಂದು ಗೊಣಗಿದಳು. ತಿರುಗಿ, ಮರದ ಬುಡವನ್ನು, ಅದರಿಂದ ನಾಲ್ಕು ಹೆಜ್ಜೆ ಆಚೆಯ ಕತ್ತಲನ್ನು ಕಣ್ಣು ತುಂಬ ನೋಡಿದಳು. ಏನು ಕಂಡಿತೋ, ಕೊನೆಯ ತನಕ ಹೇಳಲಿಲ್ಲ. ಬಾಗಿದ ಬೆನ್ನು ನೆಟ್ಟಗಾಯಿತು.

“ಜಿಯಾನೀ, ಮನೆಗೆ ಬಾರೇ.”

ಜಿಯಾನಿ ಮೊರ ಎತ್ತಿಕೊಂಡಳು. ಕೂಸಿನ ಪರವಾಗಿ ಉತ್ತರ ಕೊಡಬೇಕಾದವಳು ಅವಳೇ. ಕೊಟ್ಟರೆ ಆ ಹೆಸರನ್ನು ಎರಡನೆಯ ಸಲ ತಾನೇ ಕಸಿದುಕೊಂಡಂತೆ; ಕೊಡದಿದ್ದರೆ ಆ ಕೂಸು ದಾರಿಯಲ್ಲೇ ಉಳಿಯುತ್ತದೆ. ತಾಯಿ ಎರಡನೆಯ ಸಲ ಕರೆದಳು. ಮೂರನೆಯ ಸಲ ಕರೆದಾಗ ಆ ದನಿ ಎಳೆಯ ಬಾಣಂತಿಯ ದನಿಯಾಗಿತ್ತು, ಅದಕ್ಕೆ ಉತ್ತರ ಕೊಡದೆ ನಿಲ್ಲುವುದು ಕಲ್ಲಿಗೂ ಆಗದು.

“ಬಂದೆ ಕಣಮ್ಮಾ,” ಎಂದಳು ಜಿಯಾನಿ. “ಇಬ್ಬರೂ ಬಂದ್ವಿ.”

ಸುಯುನ್ ಅಲ್ಲೇ ದಾರಿಯ ಮೇಲೆ ಕುಸಿದು ಕುಳಿತು, ಇಷ್ಟು ವರ್ಷದ್ದನ್ನೆಲ್ಲ ಒಟ್ಟಿಗೆ ಅತ್ತಳು. ಅತ್ತು ಮುಗಿದ ಮೇಲೆ ಗಾಡಿ ಹತ್ತಲು ಒಪ್ಪಲಿಲ್ಲ. ಮಗಳ ತೋಳು ಹಿಡಿದು ನಡೆದೇ ಬಂದಳು. ಗಾಡಿಯನ್ನು ಅಲ್ಲೇ ಬಿಟ್ಟು ಜಿಯಾನಿ ಎರಡು ಕೈಯಲ್ಲಿ ಮೊರ ಹಿಡಿದು ನಡೆದಳು. ಹರಿದ ಮೊರ, ಒಂದು ಬಟ್ಟೆಯ ತೋಳು, ಒಂದು ಹಿಡಿ ಸತ್ತ ಕಾಳು. ಅಷ್ಟೇ ಇದ್ದದ್ದು. ಊರಿನ ಅಗಸೆಬಾಗಿಲಿಗೆ ಬರುವಷ್ಟರಲ್ಲಿ ಅವಳ ರಟ್ಟೆ ಸೋತುಹೋಗಿದ್ದವು. ಒಂದು ಕಡೆ ಇಳಿಸಿ ಸುಧಾರಿಸಿಕೊಳ್ಳೋಣ ಎನಿಸಿತು. ಆದರೆ ಅವಳು ಮನೆ ಮುಟ್ಟುವ ತನಕ ಅದನ್ನು ಕೆಳಗಿಡಲಿಲ್ಲ.